ಹೋಮಿ ಭಾಭಾ: ಹಿಮದಲ್ಲಿ ಮುಗಿದ ಪಯಣ, ಮುಗಿಯದ ವದಂತಿ

ಮುಂಬಯಿಯ ಎರಡು ಅಂಚುಗಳಲ್ಲಿ ಒಬ್ಬ ವ್ಯಕ್ತಿಯ ಕನಸು ಎರಡು ರೂಪ ತಳೆದು ನಿಂತಿದೆ. ದಕ್ಷಿಣದ ಕೊಲಾಬಾದಲ್ಲಿ ಅರಬ್ಬೀ ಸಮುದ್ರಕ್ಕೆ ಮುಖ ಮಾಡಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಒಂದು. ಪೂರ್ವದ ಉಪನಗರದಲ್ಲಿ ಚೆಂಬೂರನ್ನು ದಾಟಿದ ಮೇಲೆ ಟ್ರಾಂಬೆಯ ಗುಡ್ಡದ ಮಗ್ಗುಲಲ್ಲಿರುವ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಇನ್ನೊಂದು. ಈ ಎರಡು ಸಂಸ್ಥೆಗಳಲ್ಲಿ ದುಡಿದು, ಇಲ್ಲಿಯೇ ಮನೆ ಮಾಡಿಕೊಂಡು ನಿವೃತ್ತರಾದ ಕನ್ನಡಿಗರು ನಮ್ಮ ನಡುವೆ ಅನೇಕರಿದ್ದಾರೆ. ಅವರ ಮನೆಗಳಲ್ಲಿ ಡಾ. ಹೋಮಿ ಜಹಾಂಗೀರ್ ಭಾಭಾ ಅವರ ಹೆಸರು ಕುಟುಂಬದ ಹಿರಿಯರೊಬ್ಬರ ಹೆಸರಿನಷ್ಟೇ ಗೌರವದಿಂದ ಕೇಳಿಬರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಹೌಸಿಂಗ್ ಸೊಸೈಟಿಯ ಗಣೇಶೋತ್ಸವದಲ್ಲಿ ಮಕ್ಕಳಿಗೆ ರಸಪ್ರಶ್ನೆ ನಡೆಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಭಾಭಾ ಯಾರೆಂಬ ಪ್ರಶ್ನೆಗೆ ಹಲವು ಕೈಗಳು ಒಟ್ಟಿಗೇ ಮೇಲೆದ್ದವು. ಆದರೆ ಉತ್ತರ ಮಾತ್ರ ಎಲ್ಲರದೂ ಒಂದೇ ಆಗಿತ್ತು. ವಿದೇಶಿ ಗೂಢಚಾರರು ವಿಮಾನದಲ್ಲಿ ಬಾಂಬಿಟ್ಟು ಕೊಂದ ವಿಜ್ಞಾನಿ ಎಂದು ಮಕ್ಕಳು ನಿಸ್ಸಂದೇಹವಾಗಿ ನುಡಿದರು. ಅವರು ಯಾವ ವಿಷಯದಲ್ಲಿ ಸಂಶೋಧನೆ ಮಾಡಿದರು, ಏನನ್ನು ಕಟ್ಟಿದರು ಎಂದು ಕೇಳಿದಾಗ ಸಭೆ ಮೌನವಾಯಿತು. ಮಕ್ಕಳ ತಪ್ಪೇನೂ ಇಲ್ಲ. ಪ್ರತಿ ಜನವರಿಯಲ್ಲಿ ಹಿರಿಯರಾದ ನಾವು ಒಬ್ಬರಿಗೊಬ್ಬರು ಮೊಬೈಲಿನಲ್ಲಿ ದಾಟಿಸುವ ಕತೆಯನ್ನೇ ಅವರು ಒಪ್ಪಿಸಿದ್ದರು. ಐವತ್ತಾರು ವರ್ಷಗಳ ತುಂಬು ಬದುಕು ಅದರ ಕೊನೆಯ ಒಂದು ನಿಮಿಷದೊಳಗೆ ಮುದುಡಿಹೋದದ್ದನ್ನು ಕಂಡು ಅಂದು ನನಗೆ ವ್ಯಥೆಯಾಯಿತು. ಆ ಬದುಕನ್ನೂ ಆ ಕೊನೆಯ ನಿಮಿಷವನ್ನೂ ಅದದರ ಸ್ಥಾನದಲ್ಲಿಟ್ಟು ನೋಡುವ ಪ್ರಯತ್ನವೇ ಈ ಲೇಖನ.

ಹೋಮಿ ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಸುಸಂಸ್ಕೃತ ಪಾರ್ಸಿ ಮನೆತನದಲ್ಲಿ. ಆ ಮನೆತನಕ್ಕೆ ಕನ್ನಡ ನಾಡಿನೊಡನೆ ಹಳೆಯ ನಂಟಿತ್ತೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಅವರ ಅಜ್ಜ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದವರು. ತಂದೆ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ, ನ್ಯಾಯಶಾಸ್ತ್ರ ಪಡೆದು, ಮದುವೆಯ ನಂತರ ಮುಂಬಯಿಯಲ್ಲಿ ನೆಲೆಸಿದರು. ಸೋದರತ್ತೆ ಮೆಹರ್‌ಬಾಯಿ ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ. ಹೀಗೆ ಪುಸ್ತಕ, ಸಂಗೀತ, ಚಿತ್ರಕಲೆ, ಉದ್ಯಮ ಎಲ್ಲವೂ ಸುತ್ತುವರಿದ ವಾತಾವರಣದಲ್ಲಿ ಬಾಲಕ ಬೆಳೆದ. ಕೆಥೆಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು ಹಾಗೂ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗಳಲ್ಲಿ ವಿದ್ಯಾಭ್ಯಾಸ ಮುಗಿಸಿ 1927ರಲ್ಲಿ ಕೇಂಬ್ರಿಜ್‌ಗೆ ತೆರಳಿದ.

ಮಗ ಯಂತ್ರಶಾಸ್ತ್ರದ ಪದವೀಧರನಾಗಿ ಜಮ್‌ಶೇಡ್‌ಪುರದ ಉಕ್ಕಿನ ಕಾರ್ಖಾನೆಯ ಆಡಳಿತಕ್ಕೆ ಸೇರಬೇಕೆಂಬುದು ಮನೆಯವರ ಅಪೇಕ್ಷೆಯಾಗಿತ್ತು. ಮಗನ ಮನಸ್ಸಾದರೋ ಭೌತಶಾಸ್ತ್ರಕ್ಕೆ ಒಲಿದಿತ್ತು. ಕೊನೆಗೆ ತಂದೆ ಮಗನ ನಡುವೆ ಒಪ್ಪಂದವೊಂದಾಯಿತು: ಯಂತ್ರಶಾಸ್ತ್ರದಲ್ಲಿ ಪ್ರಥಮ ದರ್ಜೆ ಪಡೆದರೆ ಮುಂದೆ ಗಣಿತವನ್ನು ಓದಲು ಅಡ್ಡಿಯಿಲ್ಲ. 1930ರಲ್ಲಿ ಆ ದರ್ಜೆ ಬಂತು. 1932ರಲ್ಲಿ ಗಣಿತದ ಪರೀಕ್ಷೆಯೂ ಮುಗಿಯಿತು. ಇಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳು ಒಂದನ್ನೊಂದು ಚದುರಿಸುವ ಬಗೆಯನ್ನು ಅವರು ಲೆಕ್ಕಹಾಕಿ ತೋರಿಸಿದ ಕ್ರಿಯೆ ಇಂದಿಗೂ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಭಾಭಾ ಚದುರಿಕೆ ಎಂದೇ ಕರೆಯಲ್ಪಡುತ್ತದೆ.

ಅವರ ಇನ್ನೊಂದು ದೊಡ್ಡ ಕೆಲಸವನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಮುಂದೆ ನಮಗೆ ಅದು ಉಪಯೋಗಕ್ಕೆ ಬರುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದಲ್ಲಿ ಇದ್ದಕ್ಕಿದ್ದಂತೆ ಕಣಗಳ ಮಳೆಯನ್ನೇ ಸುರಿಸುವುದು ಆ ಕಾಲದಲ್ಲಿ ಬಿಡಿಸಲಾಗದ ಒಗಟಾಗಿತ್ತು. ತಿಳಿದಿರುವ ಭೌತನಿಯಮಗಳು ಇಲ್ಲಿ ಕೈಕೊಡುತ್ತಿವೆಯೇನೋ ಎಂದು ದೊಡ್ಡ ವಿಜ್ಞಾನಿಗಳೂ ಶಂಕಿಸಿದ್ದರು. 1937ರಲ್ಲಿ ಭಾಭಾ ಮತ್ತು ವಾಲ್ಟರ್ ಹೈಟ್ಲರ್ ಸೇರಿ, ಒಂದು ಕಣದಿಂದ ಎರಡು, ಎರಡರಿಂದ ನಾಲ್ಕು ಎಂಬಂತೆ ಹೆಚ್ಚುತ್ತ ಹೋಗುವ ಈ ಮಳೆಯನ್ನು ತಿಳಿದಿರುವ ನಿಯಮಗಳಿಂದಲೇ ವಿವರಿಸಬಹುದೆಂದು ತೋರಿಸಿಕೊಟ್ಟರು. ಹಾಗೆ ವಿವರಿಸಿದ ಮೇಲೂ ಒಂದು ಭಾಗ ಉಳಿಯಿತು. ದಪ್ಪ ಸೀಸದ ಹಲಗೆಯನ್ನೂ ತೂರಿಹೋಗುವ ಕಿರಣಗಳವು. ಆ ಉಳಿಕೆಗೆ ಮಾತ್ರ ಹೊಸ, ಭಾರವಾದ ಕಣವೊಂದನ್ನು ಕಲ್ಪಿಸಬೇಕಾದೀತೆಂದು ಭಾಭಾ ವಾದಿಸಿದರು. ತಿಳಿದದ್ದರಿಂದ ಎಷ್ಟು ವಿವರಿಸಬಹುದೋ ಅಷ್ಟನ್ನು ಮೊದಲು ವಿವರಿಸುವುದು, ಉಳಿದದ್ದಕ್ಕಷ್ಟೇ ಹೊಸದನ್ನು ಊಹಿಸುವುದು, ಆ ಊಹೆಯನ್ನೂ ಅಳತೆಗೆ ಒಡ್ಡುವುದು, ಇದು ಅವರ ಮಾರ್ಗ.

1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಮರಳಿ ಹೋಗುವ ದಾರಿ ಮುಚ್ಚಿತು. ಅವರನ್ನು ಆದರಿಸಿದ್ದು ಅಜ್ಜನ ಬೆಂಗಳೂರು. ಸರ್ ಸಿ. ವಿ. ರಾಮನ್ ಅವರಿದ್ದ ಭಾರತೀಯ ವಿಜ್ಞಾನ ಮಂದಿರದಲ್ಲಿ ಅವರು ಅಧ್ಯಾಪಕರಾದರು, ವಿಶ್ವಕಿರಣಗಳ ಸಂಶೋಧನಾ ವಿಭಾಗವನ್ನು ಕಟ್ಟಿದರು. 1941ರಲ್ಲಿ, ಇನ್ನೂ ಮೂವತ್ತೊಂದರ ಪ್ರಾಯದಲ್ಲಿ, ರಾಯಲ್ ಸೊಸೈಟಿಯ ಸದಸ್ಯರಾದರು. ಯುದ್ಧ ಮುಗಿದೊಡನೆ ಕೇಂಬ್ರಿಜ್‌ಗೆ ಹಿಂದಿರುಗುವ ಯೋಚನೆ ಮೊದಲಿಗಿತ್ತು. ಬೆಂಗಳೂರಿನ ವರ್ಷಗಳು ಅದನ್ನು ಬದಲಿಸಿದವು. 1944ರ ಮಾರ್ಚಿಯಲ್ಲಿ ಅವರು ದೊರಾಬ್‌ಜಿ ಟಾಟಾ ಧರ್ಮನಿಧಿಗೆ ಪತ್ರ ಬರೆದು, ಭಾರತದಲ್ಲಿಯೇ ಉನ್ನತ ಮಟ್ಟದ ಭೌತವಿಜ್ಞಾನ ಕೇಂದ್ರವೊಂದು ಬೇಕೆಂದೂ, ಅಣುಶಕ್ತಿಯ ಕಾಲ ಬಂದಾಗ ತಜ್ಞರಿಗಾಗಿ ಪರದೇಶದತ್ತ ನೋಡುವಂತಾಗಬಾರದೆಂದೂ ವಿನಂತಿಸಿಕೊಂಡರು. ಹಿರೋಶಿಮಾದ ಮೇಲೆ ಬಾಂಬು ಬೀಳುವ ಒಂದು ವರ್ಷಕ್ಕೂ ಮೊದಲಿನ ಮಾತಿದು.

1945ರ ಜೂನ್‌ನಲ್ಲಿ ಟಾಟಾ ಸಂಸ್ಥೆ ಬೆಂಗಳೂರಿನಲ್ಲಿಯೇ ಕಣ್ಣು ತೆರೆಯಿತು. ಅದೇ ವರ್ಷ ಮುಂಬಯಿಗೆ ಬಂದು, ಪೆಡ್ಡರ್ ರಸ್ತೆಯ ಕೆನಿಲ್‌ವರ್ತ್ ಬಂಗಲೆಯಲ್ಲಿ ಡಿಸೆಂಬರ್ 19ರಂದು ವಿಧ್ಯುಕ್ತವಾಗಿ ಆರಂಭಗೊಂಡಿತು. ಆಮೇಲೆ ಗೇಟ್‌ವೇ ಆಫ್ ಇಂಡಿಯಾ ಬಳಿಯ ಹಳೆಯ ಯಾಟ್ ಕ್ಲಬ್ ಕಟ್ಟಡ, ಕೊನೆಗೆ 1962ರಲ್ಲಿ ಕೊಲಾಬಾದ ಸ್ವಂತ ಕಟ್ಟಡ. 1948ರಲ್ಲಿ ಅಣುಶಕ್ತಿ ಆಯೋಗ ರಚನೆಯಾದಾಗ ಭಾಭಾ ಅದರ ಅಧ್ಯಕ್ಷರಾದರು. 1954ರಲ್ಲಿ ಟ್ರಾಂಬೆಯ ಕೇಂದ್ರ ತೊಡಗಿತು. 1956ರ ಆಗಸ್ಟ್ 4ರಂದು ಅಲ್ಲಿ 'ಅಪ್ಸರಾ' ರಿಯಾಕ್ಟರ್ ಚಾಲನೆಗೆ ಬಂದಾಗ ಏಷ್ಯಾ ಖಂಡದಲ್ಲಿ ಮೊದಲನೆಯದೆಂಬ ಕೀರ್ತಿ ಅದಕ್ಕೆ ಸಂದಿತು. 1955ರಲ್ಲಿ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆ ಕುರಿತು ವಿಶ್ವಸಂಸ್ಥೆ ನಡೆಸಿದ ಮೊದಲ ಸಮ್ಮೇಳನಕ್ಕೆ ಭಾಭಾ ಅವರೇ ಅಧ್ಯಕ್ಷರು.

ಅವರು ಕಟ್ಟಡಗಳಿಗಿಂತ ಮನುಷ್ಯರನ್ನು ಮೊದಲು ಆರಿಸುತ್ತಿದ್ದರು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ನಂಜನಗೂಡಿನ ಬಿ. ವಿ. ಶ್ರೀಕಂಠನ್ ಹಾಗೆ ಅವರ ಕಣ್ಣಿಗೆ ಬಿದ್ದ ತರುಣರು. ಶ್ರೀಕಂಠನ್ ಅವರನ್ನು ಕೋಲಾರದ ಚಿನ್ನದ ಗಣಿಗಳ ಆಳಕ್ಕೆ ಕಣಗಳನ್ನು ಎಣಿಸಲು ಕಳುಹಿಸಿದವರು ಭಾಭಾ. ಆ ಪರಂಪರೆಯಲ್ಲೇ ಮುಂದೆ 1965ರಲ್ಲಿ, ಎರಡು ಕಿಲೋಮೀಟರಿಗೂ ಆಳದ ಕತ್ತಲಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಚಿತ್ರಕಾರರೂ ಪಾಶ್ಚಾತ್ಯ ಸಂಗೀತದ ಒಲವುಳ್ಳವರೂ ಆಗಿದ್ದ ಭಾಭಾ, ಕೊಲಾಬಾದ ಸಂಸ್ಥೆಯ ಗೋಡೆಗಳಿಗೆ ಎಂ. ಎಫ್. ಹುಸೇನ್ ಮೊದಲಾದವರ ಕೃತಿಗಳನ್ನು ತಂದರು. ರಸ್ತೆಗೆ ಅಡ್ಡ ಬಂದ ಮರಗಳನ್ನು ಕಡಿಯಲು ಬಿಡದೆ ಬೇರುಸಹಿತ ಎತ್ತಿ ಬೇರೆಡೆ ನೆಡಿಸುತ್ತಿದ್ದರು.

ಇನ್ನು ಆ ಕೊನೆಯ ಪಯಣ. 1966ರ ಜನವರಿ 24ರ ಬೆಳಿಗ್ಗೆ, ಮುಂಬಯಿಯಿಂದ ದೆಹಲಿ, ಬೈರೂತ್ ಮಾರ್ಗವಾಗಿ ಜಿನೀವಾದತ್ತ ಸಾಗುತ್ತಿದ್ದ ಏರ್ ಇಂಡಿಯಾದ 'ಕಾಂಚನಜುಂಗಾ' ಎಂಬ ಬೋಯಿಂಗ್ 707 ವಿಮಾನ ಫ್ರಾನ್ಸಿನ ಮೋಂ ಬ್ಲಾಂ ಪರ್ವತಕ್ಕೆ, ಸುಮಾರು 4,750 ಮೀಟರ್ ಎತ್ತರದಲ್ಲಿ, ಅಪ್ಪಳಿಸಿತು. ಒಳಗಿದ್ದ 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆ ಹೊರಟಿದ್ದ ಭಾಭಾ ಅವರಲ್ಲಿ ಒಬ್ಬರು.

ಸಂಶಯ ಹುಟ್ಟಲು ಕಾರಣಗಳಿರಲಿಲ್ಲವೆಂದು ಹೇಳಲಾಗದು. 1964ರ ಅಕ್ಟೋಬರಿನಲ್ಲಿ ಚೀನಾ ಅಣುಬಾಂಬು ಸಿಡಿಸಿತ್ತು. ಅದರ ಬೆನ್ನಿಗೇ ಭಾಭಾ ಆಕಾಶವಾಣಿಯಲ್ಲಿ ಅಣ್ವಸ್ತ್ರಗಳ ವೆಚ್ಚದ ಬಗ್ಗೆ ಮಾತನಾಡಿದ್ದರು. ದುರಂತಕ್ಕೆ ಹದಿಮೂರು ದಿನ ಮೊದಲು, ಜನವರಿ 11ರಂದು, ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ತಾಷ್ಕೆಂಟಿನಲ್ಲಿ ನಿಧನರಾಗಿದ್ದರು. ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಪ್ರಮಾಣ ವಚನ ಸ್ವೀಕರಿಸಿದ್ದೂ ಅದೇ ಜನವರಿ 24ರಂದು. ಇಷ್ಟು ಘಟನೆಗಳು ಒಂದರ ಮೇಲೊಂದು ಬಂದಾಗ ಮನಸ್ಸು ಅವುಗಳ ನಡುವೆ ದಾರ ಪೋಣಿಸುವುದು ಸಹಜ. ಇನ್ನೊಂದು ವಿಮಾನ ಡಿಕ್ಕಿ ಹೊಡೆಯಿತೆಂದು ಕೆಲವರೆಂದರು. ಸಾಮಾನು ಕೋಣೆಯಲ್ಲಿ ಬಾಂಬಿತ್ತೆಂದು ಹಲವರೆಂದರು. ಬಹಳ ಕಾಲದ ನಂತರ ಅಮೆರಿಕದ ಪುಸ್ತಕವೊಂದು, ಅಲ್ಲಿನ ಗುಪ್ತಚರ ಸಂಸ್ಥೆಯ ನಿವೃತ್ತ ಅಧಿಕಾರಿಯೊಬ್ಬರು ದೂರವಾಣಿಯಲ್ಲಿ ಇದನ್ನು ಒಪ್ಪಿಕೊಂಡಿದ್ದರೆಂದು ಹೇಳಿತು. ನಮ್ಮ ಮೊಬೈಲುಗಳಲ್ಲಿ ಸುತ್ತುತ್ತಿರುವುದು ಹೆಚ್ಚಾಗಿ ಆ ಪುಸ್ತಕದ ಮಾತೇ. ಆದರೆ ಅದು ಹೊರಬರುವ ವೇಳೆಗೆ ಆ ಅಧಿಕಾರಿ ತೀರಿಕೊಂಡಾಗಿತ್ತು. ಸಂಭಾಷಣೆ ನಡೆಯಿತೆನ್ನುವುದಕ್ಕೆ ಬರೆದವನ ಮಾತನ್ನು ಬಿಟ್ಟರೆ ಬೇರೆ ಆಧಾರವಿಲ್ಲ.

ಫ್ರೆಂಚ್ ತನಿಖೆ ಹೇಳಿದ್ದೇನು? ಬೈರೂತ್‌ನಿಂದ ಹೊರಡುವಾಗಲೇ ವಿಮಾನದ ಎರಡು ದಿಕ್ಸೂಚಕ ರೇಡಿಯೋ ಗ್ರಾಹಕಗಳಲ್ಲಿ ಒಂದು ಕೆಟ್ಟಿತ್ತು. ತಾವು ಎಲ್ಲಿದ್ದೇವೆಂದು ಎರಡು ಮೂಲಗಳಿಂದ ತಾಳೆ ನೋಡುವ ಅನುಕೂಲ ಚಾಲಕರಿಗಿರಲಿಲ್ಲ. ಜಿನೀವಾದ ರಾಡಾರ್ ನಿಯಂತ್ರಕರು ಪರ್ವತಕ್ಕೆ ಇನ್ನೂ ಸುಮಾರು ಐದು ಮೈಲಿ ಇದೆಯೆಂಬುದನ್ನು ತಿಳಿಸಲು ಆಡಿದ ಮಾತನ್ನು, ಪರ್ವತ ದಾಟಿಯಾಯಿತೆಂಬ ಅರ್ಥದಲ್ಲಿ ಚಾಲಕರು ಗ್ರಹಿಸಿದರು, ಇಳಿಯಲಾರಂಭಿಸಿದರು. ಸುಮಾರು 19,000 ಅಡಿಗಳಲ್ಲಿಯೇ ಉಳಿದಿದ್ದರೆ 4,800 ಮೀಟರಿನ ಆ ಶಿಖರ ಮೂರು ಸಾವಿರ ಅಡಿಗಳಷ್ಟು ಕೆಳಗೆ ಉಳಿಯುತ್ತಿತ್ತು. ಚಳಿಗಾಲದ ಹಿಮದಿಂದಾಗಿ ನಿಲ್ಲಿಸಬೇಕಾಗಿ ಬಂದ ತನಿಖೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಂದುವರಿದು, 1967ರ ಮಾರ್ಚಿಯಲ್ಲಿ ವರದಿಯಾಗಿ ಹೊರಬಂತು. ಒಂದು ಕೆಟ್ಟ ಉಪಕರಣ, ಒಂದು ಅಸ್ಪಷ್ಟ ಮಾತು, ಒಂದು ತಪ್ಪು ಗ್ರಹಿಕೆ. ಇಷ್ಟು ದೊಡ್ಡ ಮನುಷ್ಯನ ಸಾವಿಗೆ ಇಷ್ಟು ಚಿಕ್ಕ ಕಾರಣವೇ ಎಂದು ಮನಸ್ಸು ಮುನಿಯುತ್ತದೆ. ವದಂತಿ ಬೇರು ಬಿಡುವುದು ಆ ಮುನಿಸಿನಲ್ಲಿಯೇ.

ಹೋದದ್ದು ಮರಳದಿರುವ ಕತೆಗಳು ಕಡಲ ನಗರಿಯಾದ ಮುಂಬಯಿಗೆ ಹೊಸತಲ್ಲ. 1888ರ ನವೆಂಬರ್ 8ರಂದು ಕಛ್‌ನ ಮಾಂಡವಿಯಿಂದ ಮುಂಬಯಿಗೆ ಹೊರಟ 'ವೈತರಣಾ' ಎಂಬ ಹಡಗು, ವಿದ್ಯುದ್ದೀಪಗಳಿದ್ದುದರಿಂದ ಜನ 'ವಿಜಳಿ' ಎಂದು ಕರೆಯುತ್ತಿದ್ದ ಹಡಗು, ನೂರಾರು ಪ್ರಯಾಣಿಕರೊಡನೆ ಕಾಣೆಯಾಯಿತು. ಅವಶೇಷವೂ ಸಿಗಲಿಲ್ಲ, ಹಾಡುಗಳೂ ಪವಾಡದ ಕತೆಗಳೂ ಹುಟ್ಟಿದವು. ಆ ದಿನ ಸಮುದ್ರದಲ್ಲಿದ್ದ ಚಂಡಮಾರುತವನ್ನು ಮಾತ್ರ ಕತೆಗಳು ಬದಿಗಿಟ್ಟವು. 1978ರ ಹೊಸ ವರ್ಷದ ರಾತ್ರಿ ಬಾಂದ್ರಾದಾಚೆಯ ಕಡಲಿಗೆ ಬಿದ್ದ 'ಎಂಪರರ್ ಅಶೋಕ' ವಿಮಾನವನ್ನು ಹಿರಿಯ ಓದುಗರು ಮರೆತಿರಲಾರರು. 213 ಜನ ಸತ್ತ ಆ ದುರಂತದಲ್ಲೂ ಮೊದಲು ಕೇಳಿಬಂದದ್ದು ಬಾಂಬಿನ ಮಾತು. ಕಡಲ ತಳದಿಂದ ಎತ್ತಿದ ಭಾಗಗಳ ಪರಿಶೀಲನೆಯಾದಾಗ, ವಿಮಾನ ಯಾವ ಕಡೆ ವಾಲಿದೆಯೆಂದು ತೋರಿಸುವ ಉಪಕರಣವೊಂದರ ದೋಷದಿಂದ ಕತ್ತಲಲ್ಲಿ ಚಾಲಕರು ದಿಕ್ಕುಗೆಟ್ಟರೆಂದು ಗೊತ್ತಾಯಿತು.

ಹೊರಜಗತ್ತಿನ ಬರ್ಮುಡಾ ತ್ರಿಕೋನದ ಕತೆಯೂ ಹೀಗೆಯೇ. 1945ರ ಡಿಸೆಂಬರ್ 5ರಂದು ಅಮೆರಿಕ ನೌಕಾಪಡೆಯ ಐದು ತರಬೇತಿ ವಿಮಾನಗಳು ಹದಿನಾಲ್ಕು ಜನರೊಡನೆ ಅಲ್ಲಿ ಮರೆಯಾದವು. ಅರಿಜೋನಾದ ಗ್ರಂಥಪಾಲಕ ಲ್ಯಾರಿ ಕುಶೆ ಅಂಥ ಒಂದೊಂದು ಘಟನೆಯ ಹಳೆಯ ಪತ್ರಿಕೆಗಳನ್ನೂ ವರದಿಗಳನ್ನೂ ತಾಳ್ಮೆಯಿಂದ ತಿರುವಿಹಾಕಿ 1975ರಲ್ಲಿ ಪುಸ್ತಕ ಬರೆದರು. ಶಾಂತ ಸಮುದ್ರದಲ್ಲಿ ಮಾಯವಾದವೆಂದು ಹೇಳಲಾದ ಹಲವು ಹಡಗುಗಳು ಬಿರುಗಾಳಿಗೆ ಸಿಕ್ಕಿದ್ದವು. ಕೆಲವು ಆ ತ್ರಿಕೋನದ ಹತ್ತಿರವೂ ಸುಳಿದಿರಲಿಲ್ಲ. ಆ ಐದು ವಿಮಾನಗಳು ಕಾಣೆಯಾದ ಎರಡು ವಾರಗಳಲ್ಲೇ ಪೆಡ್ಡರ್ ರಸ್ತೆಯಲ್ಲಿ ಭಾಭಾ ಅವರ ಸಂಸ್ಥೆ ಆರಂಭವಾಯಿತು. ಈ ಎರಡಕ್ಕೂ ಯಾರೂ ಸಂಬಂಧ ಕಲ್ಪಿಸುವುದಿಲ್ಲ. ಹತ್ತಿರ ಹತ್ತಿರದ ದಿನಾಂಕಗಳು ಎಷ್ಟು ಸುಲಭವಾಗಿ ಸಿಗುತ್ತವೆಂಬುದಕ್ಕೆ ಅದೊಂದು ನಿದರ್ಶನ.

ಹಾಗೆಂದು ಸಂಚುಗಳೇ ನಡೆಯುವುದಿಲ್ಲವೆಂದು ನಂಬುವುದೂ ಒಂದು ಬಗೆಯ ಕುರುಡು. 1955ರ ಏಪ್ರಿಲ್ 11ರಂದು, ಬಾಂಡುಂಗ್ ಸಮ್ಮೇಳನಕ್ಕೆ ಚೀನೀ ಪ್ರತಿನಿಧಿಗಳನ್ನು ಹೊತ್ತು ಹಾಂಗ್‌ಕಾಂಗ್‌ನಿಂದ ಹೊರಟ ಏರ್ ಇಂಡಿಯಾದ 'ಕಾಶ್ಮೀರ್ ಪ್ರಿನ್ಸೆಸ್' ದಕ್ಷಿಣ ಚೀನಾ ಸಮುದ್ರದ ಮೇಲೆ ಸ್ಫೋಟಕ್ಕೊಳಗಾಗಿ ಕಡಲಿಗೆ ಬಿತ್ತು. ಹದಿನಾರು ಜನ ಸತ್ತರು. ಸಿಬ್ಬಂದಿಯಲ್ಲಿ ಮೂವರು ಬದುಕಿದರು. ಅಲ್ಲಿ ನಿಜಕ್ಕೂ ಬಾಂಬಿತ್ತು. ಅದು ತಿಳಿದದ್ದು ಪಿಸುಮಾತಿನಿಂದಲ್ಲ, ಸಮುದ್ರದಿಂದ ಮೇಲೆತ್ತಿದ ಅವಶೇಷಗಳಲ್ಲಿ ಸಿಕ್ಕ ಕಾಲಯಂತ್ರದ ಚೂರುಗಳಿಂದ. 1985ರ ಜೂನ್ 23ರಂದು ಅಟ್ಲಾಂಟಿಕ್ ಸಾಗರದಲ್ಲಿ 329 ಜನರನ್ನು ಬಲಿ ತೆಗೆದುಕೊಂಡ 'ಕನಿಷ್ಕ'ದ ಬಾಂಬಿನ ಸತ್ಯವೂ ಹಾಗೆಯೇ ತನಿಖೆಯಿಂದ ಹೊರಬಂತು. ಸಂಶಯಕ್ಕೆ ಪುರಾವೆ ದೊರೆತಲ್ಲಿ ಅದು ಸತ್ಯವಾಗುತ್ತದೆ. ದೊರೆಯದೆಡೆ ಅದು ಸಂಶಯವಾಗಿಯೇ ಉಳಿಯಬೇಕು.

ನನ್ನದು ಬ್ಯಾಂಕಿನ ನೌಕರಿ. ದಿನದ ಲೆಕ್ಕ ತಾಳೆಯಾಗದೆ ಒಂದು ಮೊತ್ತ ಉಳಿದರೆ ನಾವು ಅದನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಆಮೇಲೆ ಓಚರುಗಳನ್ನು ಒಂದೊಂದಾಗಿ ಹುಡುಕುತ್ತೇವೆ. ಬಹುಪಾಲು ಸಂದರ್ಭಗಳಲ್ಲಿ ಕಾಣುವುದು ಅಂಕಿಯೊಂದು ಅದಲುಬದಲಾದದ್ದು, ಇಲ್ಲವೇ ಚೀಟಿಯೊಂದು ಬೇರೆ ಕಟ್ಟಿಗೆ ಸೇರಿದ್ದು. ಎಂದೋ ಒಮ್ಮೆ ನಿಜವಾದ ವಂಚನೆಯೂ ಇರಬಹುದು. ಆದರೆ ಓಚರು ಸಿಗುವ ಮೊದಲೇ ಆ ಮೊತ್ತದ ಎದುರು ಕಳ್ಳನೆಂದು ಯಾರ ಹೆಸರನ್ನೂ ಬರೆಯುವ ಅಧಿಕಾರ ನಮಗಿಲ್ಲ. ವಿಶ್ವಕಿರಣಗಳ ವಿಷಯದಲ್ಲಿ ಭಾಭಾ ನಡೆದ ಮಾರ್ಗವೂ ಇದೇ ಅಲ್ಲವೇ? ಅವರ ಸಾವಿನ ಬಗ್ಗೆ ಮಾತನಾಡುವಾಗ ಅವರದೇ ಮಾರ್ಗವನ್ನು ನಾವು ಕೈಬಿಡುವುದು ವಿಪರ್ಯಾಸ.

ಮೋಂ ಬ್ಲಾಂನ ಬೊಸ್ಸೋಂ ಹಿಮನದಿ ತನ್ನೊಳಗೆ ಅಡಗಿದ್ದನ್ನು ನಿಧಾನವಾಗಿ ಕೆಳಗೆ ತಂದು ಒಪ್ಪಿಸುತ್ತಿದೆ. 2012ರಲ್ಲಿ ನಮ್ಮ ವಿದೇಶಾಂಗ ಇಲಾಖೆಯ ರಾಜತಾಂತ್ರಿಕ ಅಂಚೆ ಚೀಲವೊಂದು ಸಿಕ್ಕಾಗ ಗುಟ್ಟು ಬಯಲಾಯಿತೆಂದು ಹಲವರು ಕಾದರು. ಒಳಗಿದ್ದದ್ದು ಗುಟ್ಟಿನ ದಾಖಲೆಗಳಲ್ಲ, ಹಳೆಯ ವೃತ್ತಪತ್ರಿಕೆಗಳಂಥ ಸಾಮಾನ್ಯ ಕಾಗದಗಳು. 2013ರಲ್ಲಿ ರತ್ನಗಳ ಪೆಟ್ಟಿಗೆಯೊಂದು ದೊರೆತು, ಕಂಡ ಪರ್ವತಾರೋಹಿ ಅದನ್ನು ಪೊಲೀಸರಿಗೆ ಒಪ್ಪಿಸಿದರು. 2020ರಲ್ಲಿ ಇಂದಿರಾ ಗಾಂಧಿಯವರ ಆಯ್ಕೆಯ ಸುದ್ದಿ ಹೊತ್ತ ಪತ್ರಿಕೆಗಳು, ಅಕ್ಷರ ಅಳಿಯದೆ, ಮಂಜಿನಿಂದ ಹೊರಬಂದವು.

ಅದೇ ಪರ್ವತ 1950ರ ನವೆಂಬರ್ 3ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ವಿಮಾನವನ್ನೂ ನುಂಗಿತ್ತು. ಅದರಲ್ಲಿದ್ದ 48 ಜನರಲ್ಲಿ ಹೆಚ್ಚಿನವರು ಹಡಗಿನ ಕೆಲಸಕ್ಕೆ ಸೇರಲು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಿದ್ದ ನಾವಿಕರು. ಅವರನ್ನು ಕೊಂದವರು ಯಾರೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. 'ಕಾಂಚನಜುಂಗಾ'ದಲ್ಲಿ ಭಾಭಾ ಅವರೊಡನೆ ಹೋದ ಇನ್ನು 116 ಜನರ ನೆನಪೂ ವದಂತಿಗೆ ಬೇಕಿಲ್ಲ. ದೊಡ್ಡ ಹೆಸರೊಂದಿದ್ದರಷ್ಟೇ ಅದಕ್ಕೆ ಜೀವ. ಆ ಹೆಸರಿನ ಹಿಂದಿನ ಬದುಕೂ ಅದಕ್ಕೆ ಬೇಡ.

ಭಾಭಾ ಅವರನ್ನು ತೆಗೆದುಬಿಟ್ಟರೆ ಭಾರತದ ವಿಜ್ಞಾನ ನಿಲ್ಲುತ್ತದೆಂದು ಯಾರಾದರೂ ಎಣಿಸಿದ್ದರೆ ಅವರ ಲೆಕ್ಕ ತಪ್ಪಿತೆನ್ನಬೇಕು. ಆಯೋಗದ ಹೊಣೆಯನ್ನು ವಿಕ್ರಮ್ ಸಾರಾಭಾಯಿ ಹೊತ್ತರು. 1967ರಲ್ಲಿ ಟ್ರಾಂಬೆಯ ಕೇಂದ್ರಕ್ಕೆ ಭಾಭಾ ಅವರ ಹೆಸರಿಟ್ಟರು. 1974ರ ಮೇ 18ರಂದು ಪೋಖ್ರಾನಿನಲ್ಲಿ ನಡೆದ ಪರೀಕ್ಷೆಯ ಮುಂದಾಳು ಭಾಭಾ ಆರಿಸಿದ್ದ ನಮ್ಮ ರಾಜಾ ರಾಮಣ್ಣ. ಕೊಲಾಬಾದ ಸಂಸ್ಥೆಯನ್ನು 1975ರಿಂದ ಹನ್ನೆರಡು ವರ್ಷ ನಡೆಸಿದವರು ನಂಜನಗೂಡಿನ ಶ್ರೀಕಂಠನ್. ತಾನಿಲ್ಲದಾಗಲೂ ನಡೆಯುವಂತೆ ಒಂದು ಕೆಲಸವನ್ನು ಕಟ್ಟುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ, ಅವರಿಗೆ ಸಾಧ್ಯವಾಯಿತು.

ಮುಂದಿನ ಜನವರಿ 24ರಂದು ಆ ಹಳೆಯ ಸಂದೇಶ ಮತ್ತೆ ನಮ್ಮ ಮೊಬೈಲಿಗೆ ಬಂದೇ ಬರುತ್ತದೆ. ಅದನ್ನು ಮುಂದಕ್ಕೆ ದಾಟಿಸುವ ಬದಲು, ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೋಲಾರದ ಗಣಿಯ ಆಳದಲ್ಲಿ ಕಣಗಳನ್ನು ಎಣಿಸಿದ ತರುಣರ ಕತೆಯನ್ನೂ, ಬೇರುಸಹಿತ ಎತ್ತಿ ನೆಟ್ಟ ಮರಗಳ ಕತೆಯನ್ನೂ ನಾವು ಹೇಳಬಹುದು. ಈ ವರ್ಷದ ಗಣೇಶೋತ್ಸವದ ರಸಪ್ರಶ್ನೆಯಲ್ಲಿ ನಾನು ಭಾಭಾ ಅವರ ಪ್ರಶ್ನೆಯನ್ನು ಮತ್ತೆ ಇಡುವವನಿದ್ದೇನೆ.